ಟೇಪ್ ಅಂಟಿಸಿದ್ರೆ ಲೈಟ್ ಕಾಣಲ್ಲ, ಅಷ್ಟೇ

(1/8)
ಫೋಟೋ ಝೂಮ್ ಮಾಡಿ ನೋಡಿ. ಸ್ಪೀಡೋಮೀಟರ್ ಪಕ್ಕದಲ್ಲಿ ಕಪ್ಪಗೆ ಒಂದು ಸಣ್ಣ ಚೌಕ ಕಾಣ್ತಿದೆಯಲ್ಲ? ಅದು ಇನ್ಸುಲೇಷನ್ ಟೇಪ್. ಅದರ ಹಿಂದೆ ಏರ್‌ಬ್ಯಾಗ್ ಲೈಟ್ ಉರೀತಾ ಇತ್ತು. ಟೇಪ್ ಅಂಟಿಸಿದ್ದು ನಾನೇ.

"ಮನೇಲೇ ಸ್ಟೀರಿಂಗ್ ಬಿಚ್ಚಿ ರಿಪೇರಿ ಮಾಡಿದ್ವಿ" ಅಂತ ಹಾಕಿದ್ದ ರೀಲ್ ನಿಮ್ಮಲ್ಲಿ ತುಂಬಾ ಜನ ನೋಡಿದ್ದೀರಿ. ಕ್ಲಾಸ್‌ನಲ್ಲಿ ಬೆನ್ನು ತಟ್ಟಿದವರೂ ಇದ್ದೀರಿ. ಆ ರೀಲ್‌ನಲ್ಲಿ ಹಾರ್ನ್ ಹೊಡೆದು ನಗೋ ತನಕ ಮಾತ್ರ ಇತ್ತು. ಆಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಎರಡು ಲೈಟ್ ಹತ್ತಿಕೊಂಡಿದ್ದನ್ನು ನಾನು ಕಟ್ ಮಾಡಿದ್ದೆ. ಮೂರ್ನಾಲ್ಕು ಜನ ಮೆಸೇಜ್ ಮಾಡಿ, "ನಮ್ಮ ಕಾರಲ್ಲೂ ಹಾಗೇ ಮಾಡ್ತೀವಿ, ಏನೇನು ಬೇಕು ಹೇಳು" ಅಂತ ಕೇಳಿದಾಗ ಹೊಟ್ಟೆಯಲ್ಲಿ ಒಂಥರಾ ಆಯ್ತು. ಅದಕ್ಕೇ ಈ ಎಂಟು ಪೋಸ್ಟ್.

ಮೊದಲೇ ಹೇಳಿಬಿಡ್ತೀನಿ, ಇದು "ಮನೇಲಿ ರಿಪೇರಿ ಮಾಡಬೇಡಿ" ಅನ್ನೋ ಉಪದೇಶ ಅಲ್ಲ. ನನ್ನ ಅಭಿಪ್ರಾಯ ಇಷ್ಟೇ: ರಿಪೇರಿ ಮಾಡೋ ಧೈರ್ಯ ಇದ್ದವರಿಗೆ, "ಸರಿಯಾಗಿಲ್ಲ" ಅಂತ ಒಪ್ಪಿಕೊಳ್ಳೋ ಧೈರ್ಯವೂ ಇರಬೇಕು. ಎರಡನೆಯದು ಇಲ್ಲದಿದ್ದರೆ ಸ್ಪ್ಯಾನರ್ ಮುಟ್ಟಬಾರದು. ನನಗೆ ಆ ಎರಡನೆಯದು ಬರೋಕೆ ಎರಡು ವಾರ ಹಿಡಿಯಿತು. ಆ ಎರಡು ವಾರ ಆ ಕಾರು ಓಡಿಸಿದ್ದು ಅಮ್ಮ.

(2/8)
ಏನಾಗಿತ್ತು ಅಂದ್ರೆ, ನಮ್ಮದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು. ಮಳೆಗಾಲ ಶುರುವಾಗೋ ಹೊತ್ತಿಗೆ ಹಾರ್ನ್ ಒಮ್ಮೆ ಹೊಡೆಯೋದು, ಒಮ್ಮೆ ಇಲ್ಲ. ಸ್ಟೀರಿಂಗ್ ಮೇಲಿನ ವಾಲ್ಯೂಮ್ ಬಟನ್ ಸತ್ತೇಹೋಯ್ತು. ಘಾಟಿಯಲ್ಲಿ ಹಾರ್ನ್ ಇಲ್ಲದೆ ತಿರುವು ತಗೊಳ್ಳೋದು ಹೇಗಿರುತ್ತೆ ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಮಂಜು ಇಳಿದರೆ ಎದುರಿನ ಬಸ್ ಕಾಣೋದು ಹತ್ತಡಿಗೆ ಬಂದ ಮೇಲೆ.

ಇಂಥ ಲಕ್ಷಣ ಇದ್ದರೆ ಹೆಚ್ಚಾಗಿ ಹೋಗಿರೋದು ಕ್ಲಾಕ್ ಸ್ಪ್ರಿಂಗ್. ಸ್ಟೀರಿಂಗ್ ಚಕ್ರ ತಿರುಗುತ್ತೆ, ಕೆಳಗಿನ ಕಾಲಂ ಕವರ್ ತಿರುಗಲ್ಲ. ಹಾಗಿದ್ದರೂ ಹಾರ್ನ್, ಬಟನ್, ಏರ್‌ಬ್ಯಾಗ್ ಎಲ್ಲಕ್ಕೂ ವೈರ್ ಸಂಪರ್ಕ ಬೇಕು. ಅದಕ್ಕಾಗಿ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ತೆಳ್ಳಗಿನ ಪಟ್ಟಿ ಕೇಬಲ್ಲನ್ನು ಗಡಿಯಾರದ ಸ್ಪ್ರಿಂಗ್ ಥರ ಸುತ್ತಿಟ್ಟಿರುತ್ತಾರೆ. ಚಕ್ರ ತಿರುಗಿದಂತೆ ಅದು ಸುತ್ತಿಕೊಳ್ಳುತ್ತೆ, ಬಿಚ್ಚಿಕೊಳ್ಳುತ್ತೆ. ಹೇರ್‌ಪಿನ್ ತಿರುವಿನ ರಸ್ತೆಯಲ್ಲಿ ಅದರ ಕೆಲಸ ಬಯಲುಸೀಮೆಯ ಕಾರಿಗಿಂತ ಜಾಸ್ತಿ.

ನಾನು ಮತ್ತು ಚಿಕ್ಕಪ್ಪನ ಮಗ ಕಾಫಿ ಕಣದ ಪಕ್ಕದ ಶೆಡ್‌ನಲ್ಲಿ ಒಂದು ಭಾನುವಾರ ಕೂತು ಬಿಚ್ಚಿದ್ವಿ. ಹೊಸ ಕ್ಲಾಕ್ ಸ್ಪ್ರಿಂಗ್ ಹಾಕಿದ್ವಿ. ಹಾರ್ನ್ ಹೊಡೀತು. ಕುಣಿದಾಡಿದ್ವಿ. ಆಮೇಲೆ ನೋಡಿದ್ರೆ ಏರ್‌ಬ್ಯಾಗ್ ಲೈಟ್ ಆರ್ತಾನೇ ಇಲ್ಲ. ಪವರ್ ಸ್ಟೀರಿಂಗ್‌ನ ಇಪಿಎಸ್ ಲೈಟೂ ಹತ್ತಿದೆ. ಸಾಲದ್ದಕ್ಕೆ, ಕಾರು ನೇರ ಹೋಗ್ತಿದ್ದರೂ ಸ್ಟೀರಿಂಗ್ ಸ್ವಲ್ಪ ಎಡಕ್ಕೆ ವಾಲಿ ನಿಂತಿದೆ.

(3/8)
ಪೇಟೆಯಲ್ಲಿ ಒಬ್ಬರಿಗೆ ತೋರಿಸಿದೆ. "ಅದೇನೂ ಆಗಲ್ಲ, ಐನೂರು ಕೊಡು, ಲೈಟ್ ಬರದ ಹಾಗೆ ಮಾಡ್ತೀನಿ" ಅಂದರು. ಐನೂರು ಉಳಿಸೋಣ ಅಂತ ನಾನೇ ಟೇಪ್ ಅಂಟಿಸಿದೆ! ನಮ್ಮ ಕಾರಿನ ಸರ್ವಿಸ್ ಸೆಂಟರ್ ಇರೋದು ಮೈಸೂರಿನಲ್ಲಿ, ಮಡಿಕೇರಿಯಿಂದ ಹತ್ತಿರ ಹತ್ತಿರ 120 ಕಿಲೋಮೀಟರ್. ಅಪ್ಪನಿಗೆ ತೋಟದ ಕೆಲಸ. ನನಗೆ ಇಂಟರ್ನಲ್ಸ್. ನೆಪಗಳಿಗೇನು, ಬೇಕಾದಷ್ಟು ಸಿಗುತ್ತವೆ.

ಅಷ್ಟರಲ್ಲಿ ಅಜ್ಜಿಯ ಚೆಕಪ್ ಬಂತು. ಅಮ್ಮ ಅವರನ್ನು ಕೂರಿಸಿಕೊಂಡು ಮೈಸೂರಿಗೆ ಹೋಗಿ, ರಾತ್ರಿ ಮಳೆಯಲ್ಲಿ ವಾಪಸ್ ಬಂದರು. ಏನೂ ಆಗಲಿಲ್ಲ. ದೇವರು ದೊಡ್ಡವನು ಅನ್ನಬಹುದು. ನಾನು ಹೇಳೋದು, ನಾನು ಅದೃಷ್ಟದ ಮೇಲೆ ಅಮ್ಮನನ್ನು ಕೂರಿಸಿ ಕಳಿಸಿದ್ದೆ.

ಮಾರನೇ ದಿನ ಡ್ಯಾಶ್‌ಬೋರ್ಡ್ ಒರೆಸುವಾಗ ಟೇಪ್ ಅವರ ಉಗುರಿಗೆ ಸಿಕ್ಕಿತು. "ಇದೇನು ಮಗಾ?" ಅಂದರು. "ಸೆನ್ಸರ್ ಪ್ರಾಬ್ಲಂ ಅಮ್ಮಾ, ಅಷ್ಟೇ" ಅಂದೆ. ಅವರು ಬೈಯಲಿಲ್ಲ. "ನಿನ್ನೆ ಅಜ್ಜಿ ಮುಂದಿನ ಸೀಟಲ್ಲಿ ಕೂತಿದ್ರು" ಅಂದರು, ಬಟ್ಟೆ ಹಿಂಡಿ ಒಳಗೆ ಹೋದರು.

2019ರ ಜೂನ್ ನೆನಪು ಮಾಡಿಕೊಳ್ಳಿ. ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಹ್ಯಾಶ್‌ಟ್ಯಾಗ್ ಓಡಿದಾಗ ಸಿನಿಮಾದವರೂ ಶೇರ್ ಮಾಡಿದ್ದರು. ನಮ್ಮ ಜಿಲ್ಲೆಯಲ್ಲಿ ರೈಲು ಇಲ್ಲ. ದೊಡ್ಡ ಕಾಯಿಲೆ ಅಂದ್ರೆ ಮೈಸೂರು ಅಥವಾ ಮಂಗಳೂರು. ಒಂದು ಕಡೆ ಕಾಡು, ಇನ್ನೊಂದು ಕಡೆ ಸಂಪಾಜೆ ಘಾಟಿ. ಅಂದ್ರೆ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಮನೆಯ ಕಾರೇ ಆಂಬುಲೆನ್ಸ್. ಆಂಬುಲೆನ್ಸ್‌ನ ಲೈಟಿಗೆ ಟೇಪ್ ಅಂಟಿಸ್ತೀವಾ?

(4/8)
ಈಗ ವಿಷಯಕ್ಕೆ ಬರೋಣ. ಕೀ ಆನ್ ಮಾಡಿದ ತಕ್ಷಣ ಎಲ್ಲಾ ಲೈಟ್ ಹತ್ತಿ, ಕೆಲವು ಸೆಕೆಂಡಿನಲ್ಲಿ ಒಂದೊಂದೇ ಆರುತ್ತವೆ. ಕಾರು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳೋ ಹೊತ್ತು ಅದು. ಏರ್‌ಬ್ಯಾಗ್ ಲೈಟ್ ಹತ್ತಿ ಆರಿದರೆ ಸರಿ. ಆರದೇ ಉಳಿದರೆ ದೋಷ. ಹತ್ತಲೇ ಇಲ್ಲ ಅಂದ್ರೂ ದೋಷ, ಬಲ್ಬ್ ಹೋಗಿದೆ ಅಥವಾ ಯಾರೋ ಕೈಯಾಡಿಸಿದ್ದಾರೆ. ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗ ಮೊದಲು ಇದನ್ನೇ ನೋಡಿ. ಸೀಟ್ ಕವರ್ ಆಮೇಲೆ.

ಬಣ್ಣಕ್ಕೂ ಅರ್ಥ ಇದೆ. ಕೆಂಪು ಅಂದ್ರೆ ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ನೋಡು. ಹಳದಿ ಅಂದ್ರೆ ಬೇಗ ತೋರಿಸು. ಹಸಿರು, ನೀಲಿ ಬರೀ ಮಾಹಿತಿಗೆ. ಏರ್‌ಬ್ಯಾಗ್ ಲೈಟ್ ಕೆಲವು ಕಂಪನಿಯಲ್ಲಿ ಕೆಂಪು, ಕೆಲವಲ್ಲಿ ಹಳದಿ. ಬಣ್ಣ ಯಾವುದೇ ಇರಲಿ, ಅದು ಉರೀತಿದೆ ಅಂದ್ರೆ ಅಪಘಾತ ಆದಾಗ ಏರ್‌ಬ್ಯಾಗ್ ಅರಳದೇ ಇರಬಹುದು ಅಂತಲೇ ಲೆಕ್ಕ. ಅದು ಅರಳೋಕೆ ತಗೊಳ್ಳೋದು ಸೆಕೆಂಡಿನ ನೂರನೇ ಮೂರು ಭಾಗದಷ್ಟು ಸಮಯ, ಕಣ್ಣು ಮಿಟುಕಿಸೋದಕ್ಕಿಂತ ಬೇಗ. ಆ ಕ್ಷಣದಲ್ಲಿ "ವೈರ್ ಸರಿ ಇದೆಯಾ" ಅಂತ ನೋಡೋಕೆ ಯಾರಿಗೂ ಆಗಲ್ಲ. ಅದಕ್ಕೇ ಕಾರು ಮೊದಲೇ ಹೇಳಿಬಿಡುತ್ತೆ.

ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಚಾಲಕರ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರ ಜುಲೈ 1ರಿಂದ. ಎಬಿಎಸ್ ಅದೇ ವರ್ಷದ ಏಪ್ರಿಲ್‌ನಿಂದ. ಅಂದ್ರೆ ನಮ್ಮ ಅಪ್ಪ, ಮಾವಂದಿರು ರಿಪೇರಿ ಕಲಿತ ಗಾಡಿಗಳೇ ಬೇರೆ, ನಮ್ಮ ಕೈಗೆ ಬರ್ತಿರೋ ಗಾಡಿಗಳೇ ಬೇರೆ. ಅವರ ಧೈರ್ಯ ನಮಗೆ ಬಂದಿದೆ, ಹೊಸ ಗಾಡಿಯ ತಿಳಿವಳಿಕೆ ಇನ್ನೂ ಬಂದಿಲ್ಲ.

(5/8)
ಸ್ಟೀರಿಂಗ್ ಕೆಲಸ ಆದ ಮೇಲೆ ಲೈಟ್ ಬಂದರೆ ಹೇಗೆ ಹುಡುಕಬೇಕು? ನಾವು ತಪ್ಪು ಮಾಡಿ ಕಲಿತಿದ್ದು ಇದು. ಸೇವ್ ಮಾಡಿಟ್ಟುಕೊಳ್ಳಿ.

ಒಂದು. ಕೊನೆಗೆ ಮುಟ್ಟಿದ್ದು ಏನು? ಕೆಲಸಕ್ಕೆ ಮುಂಚೆ ಇಲ್ಲದ ಲೈಟ್ ಕೆಲಸ ಆದ ಮೇಲೆ ಬಂದಿದೆ ಅಂದ್ರೆ, ಕಾರಣ ಹೆಚ್ಚಾಗಿ ನಾವು ಮುಟ್ಟಿದ ಜಾಗದಲ್ಲೇ ಇರುತ್ತೆ. ಹೊಸ ಪಾರ್ಟ್ ಆರ್ಡರ್ ಮಾಡೋಕೆ ಓಡಬೇಡಿ.

ಎರಡು. ಬ್ಯಾಟರಿ ಅಳೆಯಿರಿ. ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸುಮಾರು 14 ಇರಬೇಕು. ನಾವು ಹೊತ್ತಿಡೀ ಡೋರ್ ತೆಗೆದಿಟ್ಟು, ಪಾಟು ಹಾಕಿಕೊಂಡು ಕೂತಿದ್ವಿ, ಬ್ಯಾಟರಿ ಸೋತಿತ್ತು. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್‌ನ ಮೋಟರ್ ತುಂಬಾ ಕರೆಂಟ್ ಎಳೆಯುತ್ತೆ, ವೋಲ್ಟ್ ಕಮ್ಮಿ ಆದರೆ ಇಪಿಎಸ್ ಲೈಟ್ ಬರುತ್ತೆ. ಚಾರ್ಜ್ ಮಾಡಿದ ಮೇಲೆ ನಮ್ಮದು ಆರಿತು. ಒಂದೇ ಸಲ ನಾಲ್ಕೈದು ಲೈಟ್ ಬಂದರೂ ಹೀಗೇ: ಎಲ್ಲವೂ ಒಟ್ಟಿಗೆ ಕೆಡಲ್ಲ, ಎಲ್ಲಕ್ಕೂ ಸೇರಿದ ಬ್ಯಾಟರಿ, ಫ್ಯೂಸ್, ಅರ್ಥಿಂಗ್ ಮೊದಲು ನೋಡಿ.

ಮೂರು. ಕನೆಕ್ಟರ್‌ಗಳು. ನಮ್ಮ ಮಳೆಗೆ ಪಿನ್‌ಗಳಲ್ಲಿ ಕಿಲುಬು ಹಿಡಿಯುತ್ತೆ, ಶೆಡ್‌ನಲ್ಲಿ ಇಲಿ ವೈರ್ ಕಡಿಯುತ್ತೆ. ಏರ್‌ಬ್ಯಾಗ್ ಕನೆಕ್ಟರ್ ಸಾಮಾನ್ಯವಾಗಿ ಹಳದಿ ಬಣ್ಣದ್ದು. ಅದಕ್ಕೆ ಎರಡು ಹಂತದ ಲಾಕ್. ನಾವು ತೂರಿಸಿದ್ವಿ, ಮೇಲಿನ ಸಣ್ಣ ನಾಲಿಗೆಯನ್ನು ಒತ್ತಿರಲಿಲ್ಲ. ಅದು ಪೂರ್ತಿ ಕೂರದಿದ್ದರೆ ಕಾರಿನ ಲೆಕ್ಕದಲ್ಲಿ ಏರ್‌ಬ್ಯಾಗೇ ಇಲ್ಲ.

ನಾಲ್ಕು. ಸ್ಟೀರಿಂಗ್ ವಾಲಿದ್ದು ಯಾಕೆ? ಬಿಚ್ಚೋ ಮುಂಚೆ ಚಕ್ರಕ್ಕೂ ಶಾಫ್ಟ್‌ಗೂ ಪೇಂಟ್‌ನಲ್ಲಿ ಒಂದು ಗೆರೆ ಎಳೆಯಬೇಕಿತ್ತು. ನಾವು ಒಂದು ಹಲ್ಲು ಆಚೆ ಕೂರಿಸಿದ್ವಿ. ಆ್ಯಂಗಲ್ ಸೆನ್ಸರ್ ಇರೋ ಕಾರಾದರೆ ಅಷ್ಟಕ್ಕೇ ಇಎಸ್‌ಪಿ ಲೈಟ್ ಬರಬಹುದು. ಇದನ್ನು ಅಲೈನ್‌ಮೆಂಟ್ ಅಂಗಡಿಯಲ್ಲಿ ಟೈ ರಾಡ್ ತಿರುಗಿಸಿ ಸರಿ ಮಾಡಿಸಬೇಡಿ. ತಪ್ಪು ಆದ ಜಾಗದಲ್ಲೇ ತಿದ್ದಿ.

ಐದು. ಕ್ಲಾಕ್ ಸ್ಪ್ರಿಂಗ್ ನಡುಮಧ್ಯಕ್ಕೆ ಇದೆಯಾ? ಹೊಸದು ಬರುವಾಗ ಅಲ್ಲಾಡದ ಹಾಗೆ ಪಿನ್ನೋ ಟೇಪೋ ಹಾಕಿರುತ್ತಾರೆ. ಮುಂದಿನ ಗಾಲಿ ನೇರ ಇಟ್ಟು, ಕೂರಿಸಿ, ಆಮೇಲೇ ಅದನ್ನು ತೆಗೆಯಬೇಕು. ಒಂದು ಸುತ್ತು ಆಚೀಚೆ ಆದರೂ ಶೆಡ್‌ನಲ್ಲಿ ಸರಿಯಾಗೇ ಕಾಣುತ್ತೆ. ಮೊದಲ ಹೇರ್‌ಪಿನ್‌ನಲ್ಲಿ ಪೂರ್ತಿ ತಿರುಗಿಸಿದಾಗ ಪಟ್ಟಿ ಹರಿಯುತ್ತೆ.

(6/8)
"ಎಲ್ಲಾ ಸರಿ ಮಾಡಿದ್ವಿ, ಆದ್ರೂ ಲೈಟ್ ಆರ್ತಿಲ್ಲ." ಹೌದು, ನಮಗೂ ಹಾಗೇ ಆಯ್ತು. ಏರ್‌ಬ್ಯಾಗ್ ಬಿಚ್ಚಿಟ್ಟಿದ್ದಾಗ ಹಾರ್ನ್ ಟೆಸ್ಟ್ ಮಾಡೋಕೆ ಕೀ ಆನ್ ಮಾಡಿದ್ವಿ. ಆ ಕ್ಷಣಕ್ಕೆ ಕೋಡ್ ದಾಖಲಾಯ್ತು. ಅದು ಬ್ಯಾಟರಿ ತೆಗೆದು ಹಾಕಿದರೆ ಸಾಮಾನ್ಯವಾಗಿ ಹೋಗಲ್ಲ, ಸ್ಕ್ಯಾನರ್ ಬೇಕು. ಆನ್‌ಲೈನ್‌ನಲ್ಲಿ ಸಿಗೋ ಅಗ್ಗದ ಬ್ಲೂಟೂತ್ ಓಬಿಡಿ ಹೆಚ್ಚಾಗಿ ಓದೋದು "ಪಿ" ಅಂತ ಶುರುವಾಗೋ ಎಂಜಿನ್ ಕೋಡ್ ಮಾತ್ರ. ಏರ್‌ಬ್ಯಾಗ್‌ದು "ಬಿ", ಬ್ರೇಕು ಸ್ಟೀರಿಂಗ್‌ದು "ಸಿ", ಕಂಪ್ಯೂಟರ್‌ಗಳ ನಡುವಿನ ಮಾತುಕತೆಯದು "ಯು". ಅವನ್ನು ಓದೋ ಸ್ಕ್ಯಾನರ್ ಒಳ್ಳೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಇರುತ್ತೆ. ಕೋಡ್ ಕೂಡ ದಾರಿ ತೋರಿಸುತ್ತೆ ಅಷ್ಟೇ. "ಈ ಸರ್ಕ್ಯೂಟ್‌ನಲ್ಲಿ ತೊಂದರೆ" ಅನ್ನುತ್ತೆ, "ಈ ಪಾರ್ಟ್ ಬಿಸಾಡು" ಅನ್ನಲ್ಲ.

ಕಾರಣ ಹುಡುಕದೆ ಕೋಡ್ ಅಳಿಸೋದು, ಏರ್‌ಬ್ಯಾಗ್ ಜಾಗದಲ್ಲಿ ಒಂದು ರೆಸಿಸ್ಟರ್ ಇಟ್ಟು ಕಂಪ್ಯೂಟರ್‌ಗೆ ಮೋಸ ಮಾಡೋದು, ಬಲ್ಬ್ ಕೀಳೋದು, ಟೇಪ್ ಅಂಟಿಸೋದು ಎಲ್ಲಾ ಒಂದೇ ಜಾತಿ. ಟೇಪಾದರೂ ಉಗುರಿಗೆ ಸಿಗುತ್ತೆ. ರೆಸಿಸ್ಟರ್ ಯಾರಿಗೂ ಕಾಣಲ್ಲ. ನಾಳೆ ಆ ಕಾರು ಕೊಳ್ಳೋ ಇನ್ಯಾರದೋ ಮನೆಯವರಿಗೂ ಕಾಣಲ್ಲ.

ಕಾಲಂನಲ್ಲಿರೋ ಸಣ್ಣ ಪಾರ್ಟ್ ಅಂತ ಉಡಾಫೆ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ದೊಡ್ಡ ಉದಾಹರಣೆ ಅಮೆರಿಕದ್ದು. ಜನರಲ್ ಮೋಟರ್ಸ್‌ನ ಕೆಲವು ಸಣ್ಣ ಕಾರುಗಳ ಇಗ್ನಿಷನ್ ಸ್ವಿಚ್ ತುಂಬಾ ಸಡಿಲ. ಭಾರದ ಕೀಗೊಂಚಲಿಗೋ ಮೊಣಕಾಲು ತಾಗಿದ್ದಕ್ಕೋ ಕೀ ತಾನಾಗೇ ಹಿಂದಕ್ಕೆ ಜಾರುತ್ತಿತ್ತು. ಎಂಜಿನ್ ಆಫ್, ಸ್ಟೀರಿಂಗ್ ಭಾರ, ಏರ್‌ಬ್ಯಾಗ್ ಕೂಡ ಆಫ್. 2006ರಲ್ಲಿ ಸ್ವಿಚ್ ಬದಲಾಯಿಸಿದರು, ಆದರೆ ಪಾರ್ಟ್ ನಂಬರ್ ಬದಲಾಯಿಸಲಿಲ್ಲ. ಹಾಗಾಗಿ ಹಳೇದರಲ್ಲಿ ದೋಷ ಇತ್ತು ಅಂತ ಪತ್ತೆಯಾಗೋಕೆ ವರ್ಷಗಳು ಬೇಕಾದವು. 2014ರಲ್ಲಿ ಸುಮಾರು 26 ಲಕ್ಷ ಕಾರು ವಾಪಸ್ ಕರೆಸಿದರು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಅಲ್ಲಿ ಕೆಟ್ಟದ್ದು ಒಂದು ಸಣ್ಣ ಸ್ವಿಚ್. ಕೊಂದಿದ್ದು ಸ್ವಿಚ್ ಮಾತ್ರ ಅಲ್ಲ, "ಯಾರಿಗೂ ಗೊತ್ತಾಗೋದು ಬೇಡ" ಅನ್ನೋ ಬುದ್ಧಿ. ನನ್ನ ಟೇಪ್ ಕೂಡ ಅದೇ ಬುದ್ಧಿ, ಸೈಜ್ ಮಾತ್ರ ಚಿಕ್ಕದು.

(7/8)
ಇನ್ನೊಂದು ಮಾತು, ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಲೈಟ್ ಇಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತಲೂ ಅರ್ಥ ಅಲ್ಲ.

ಸ್ಟೀರಿಂಗ್ ಕಾಲಂ ಪೂರ್ತಿ ಇಳಿಸಿದವರಿಗೆ ಗೊತ್ತು, ಕೆಳಗೆ ಪೆಡಲ್ ಹತ್ತಿರ ಒಂದು ಜಾಯಿಂಟ್ ಇದೆ. ಅದನ್ನು ಹಿಡಿದಿರೋದು ಒಂದು ಬೋಲ್ಟ್. ಅದು ಶಾಫ್ಟ್‌ನ ಕಚ್ಚಿಗೆ ಸರಿಯಾಗಿ ಕೂತು, ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿಯಾಗಿರಬೇಕು. ಅದು ಸಡಿಲ ಇದ್ದರೆ ಯಾವ ಲೈಟೂ ಬರಲ್ಲ. ಬಿಚ್ಚಿಕೊಂಡರೆ ಚಕ್ರ ಕೈಯಲ್ಲಿ ಸುಮ್ಮನೆ ತಿರುಗುತ್ತೆ, ಗಾಲಿ ತಿರುಗಲ್ಲ. ಸಂಪಾಜೆ ಘಾಟಿಯಲ್ಲೋ ಮಾಕುಟ್ಟ ಇಳಿಯುವಾಗಲೋ ಹಾಗಾದರೆ ಏನು ಅಂತ ನಾನು ಬರೆಯೋದು ಬೇಡ.

ತೋಟದ ಹಳೇ ಜೀಪ್ ಓಡಿಸಿದ ಮಾವ ಹೇಳ್ತಾರೆ, "ನಮ್ಮ ಕಾಲದಲ್ಲಿ ಯಾವ ಲೈಟಿತ್ತು? ಕೈಗೇ ಗೊತ್ತಾಗ್ತಿತ್ತು." ಅವರು ಸುಳ್ಳು ಹೇಳ್ತಿಲ್ಲ. ಪ್ಲೇ ಎಷ್ಟಿದೆ, ಟಕ್ ಅನ್ನೋ ಸದ್ದು ಎಲ್ಲಿಂದ ಅಂತ ಅವರ ಅಂಗೈ ಹೇಳ್ತಿತ್ತು. ಆದರೆ ಆ ಜೀಪಿನಲ್ಲಿ ಮುಖದ ಮುಂದೆ ಸಿಡಿಯೋ ಚೀಲ ಇರಲಿಲ್ಲ. ನಮ್ಮ ಕಾರಿಗೆ ಎರಡೂ ಬೇಕು, ಮಾವನ ಅಂಗೈಯೂ ಬೇಕು, ಡ್ಯಾಶ್‌ಬೋರ್ಡ್‌ನ ಲೈಟೂ ಬೇಕು.

ಹಾಗಾಗಿ ನಾನು ಈಗ ಎಳೆದುಕೊಂಡಿರೋ ಗೆರೆ ಇದು. ಕವರ್ ಬಿಚ್ಚೋದು, ಸ್ವಿಚ್ ಬದಲಾಯಿಸೋದು, ಫ್ಯೂಸ್, ಕನೆಕ್ಟರ್, ಬ್ಯಾಟರಿ ನೋಡೋದು ಮನೆಯಲ್ಲಿ. ಏರ್‌ಬ್ಯಾಗ್ ಮತ್ತು ಕಾಲಂ ಜಾಯಿಂಟ್ ಗೊತ್ತಿರುವವರ ಕೈಯಲ್ಲಿ, ಟಾರ್ಕ್ ರೆಂಚ್ ಇರುವ ಜಾಗದಲ್ಲಿ. ಏರ್‌ಬ್ಯಾಗ್‌ಗೆ ಯಾವತ್ತೂ ಮಲ್ಟಿಮೀಟರ್ ಹಿಡಿಯಬೇಡಿ, ಅದರ ಸಣ್ಣ ಕರೆಂಟ್‌ಗೂ ಸಿಡಿಯಬಹುದು. ಆ ಕಡೆ ಕೆಲಸ ಶುರು ಮಾಡೋ ಮುಂಚೆ ಬ್ಯಾಟರಿಯ ನೆಗೆಟಿವ್ ತೆಗೆದು ಕಾಯಲೇಬೇಕು. ಕೆಲವು ಕಾರಿಗೆ 90 ಸೆಕೆಂಡ್, ಕೆಲವಕ್ಕೆ ಹಲವು ನಿಮಿಷ, ಮ್ಯಾನುಯಲ್‌ನಲ್ಲಿ ಇರುತ್ತೆ. ಬ್ಯಾಟರಿ ತೆಗೆದರೂ ಒಳಗೆ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತೆ. ನಾವು ಕಾದಿರಲಿಲ್ಲ, ನೆಗೆಟಿವ್ ತೆಗೆದೂ ಇರಲಿಲ್ಲ. ಆ ರೀಲ್‌ಗೆ ನೀವು ಲೈಕ್ ಕೊಟ್ಟಿದ್ದೀರಿ. ಇವತ್ತು ಅದನ್ನು ಡಿಲೀಟ್ ಮಾಡಿದ್ದೇನೆ.

(8/8)
"ಹಾಗಾದ್ರೆ ಪ್ರತಿ ಸಲ 120 ಕಿಲೋಮೀಟರ್ ಹೋಗ್ಬೇಕಾ?" ಅಂತ ಕೇಳ್ತೀರಿ. ಸರಿಯಾದ ಪ್ರಶ್ನೆ. ನಮ್ಮಂಥ ಊರಿನ ಹುಡುಗರು ಶೆಡ್‌ನಲ್ಲಿ ಸ್ಟೀರಿಂಗ್ ಬಿಚ್ಚೋದು ಬರೀ ಶೋಕಿಗಲ್ಲ, ದೂರಕ್ಕೂ ದುಡ್ಡಿಗೂ ಹೆದರಿ. ಇದರಲ್ಲಿ ಕಂಪನಿಗಳ ಪಾಲೂ ಇದೆ. ರಿಪೇರಿ ಮ್ಯಾನುಯಲ್, ಟಾರ್ಕ್ ಲೆಕ್ಕ, ಕೋಡ್‌ನ ಅರ್ಥ ಇವೆಲ್ಲ ಡೀಲರ್ ಕಂಪ್ಯೂಟರ್‌ನಲ್ಲಿ ಬೀಗ ಹಾಕಿ ಇಟ್ಟರೆ, ಜನ ಯೂಟ್ಯೂಬ್ ನೋಡಿ ಅಂದಾಜಿನಲ್ಲೇ ಬಿಗಿ ಮಾಡ್ತಾರೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಅದರಲ್ಲಿ ವಾಹನಗಳೂ ಸೇರಿವೆ. ಒಳ್ಳೆಯದೇ. ಆದರೆ ಹಕ್ಕು ಅಂದರೆ ಕಸ್ಟಮರ್ ಕೇರ್ ನಂಬರ್ ಕೊಡೋದಲ್ಲ. ನಾಪೋಕ್ಲಿನ ಗ್ಯಾರೇಜಿನವರಿಗೂ ಮೈಸೂರಿನ ಶೋರೂಮಿನವರಿಗೂ ಒಂದೇ ಮ್ಯಾನುಯಲ್ ಸಿಗಬೇಕು, ಒಂದೇ ಕೋಡ್ ಓದೋಕೆ ಆಗಬೇಕು. ನಾವು ಕೇಳಬೇಕಾದ್ದು ಅದನ್ನು. ಹ್ಯಾಶ್‌ಟ್ಯಾಗ್ ಓಡಿಸೋದು ನಮಗೆ ಗೊತ್ತಿದೆ ಅಲ್ವಾ?

ಅಲ್ಲಿಯ ತನಕ ಒಂದು ದಾರಿ ಇದೆ. ಊರಿಗೊಬ್ಬರಾದರೂ ಒಳ್ಳೆ ಆಟೋ ಎಲೆಕ್ಟ್ರಿಷಿಯನ್ ಇರ್ತಾರೆ. ಅವರ ಹತ್ತಿರ ಹೋಗಿ ಪೂರ್ತಿ ನಿಜ ಹೇಳಿ. "ನಾವೇ ಬಿಚ್ಚಿದ್ವಿ, ಕೀ ಆನ್ ಮಾಡಿದ್ವಿ, ಮಾರ್ಕ್ ಮಾಡಿರಲಿಲ್ಲ." ನಾಚಿಕೆ ಆಗುತ್ತೆ, ಆಗಲಿ. ನಾನು ಹಾಗೆ ಹೇಳಿದ ದಿನ ಅವರು ಕನೆಕ್ಟರ್‌ನ ನಾಲಿಗೆ ಒತ್ತಿ, ಸ್ಟೀರಿಂಗ್ ನೇರ ಕೂರಿಸಿ, ನಟ್ ಟಾರ್ಕ್ ಮಾಡಿ, ಸ್ಕ್ಯಾನರ್ ಹಾಕಿ ಕೋಡ್ ಅಳಿಸೋಕೆ ಒಂದು ಗಂಟೆಯೂ ಆಗಲಿಲ್ಲ. "ಮೊದಲೇ ಬರಬಾರದಿತ್ತಾ?" ಅಂತ ಒಂದೇ ಮಾತು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಅಮ್ಮ ಕಾರು ಸ್ಟಾರ್ಟ್ ಮಾಡೋ ಮುಂಚೆ ಕೀ ಆನ್ ಮಾಡಿ ಕಾಯ್ತಾರೆ. ಲೈಟ್ ಹತ್ತಿ ಆರೋದನ್ನು ನೋಡಿಯೇ ಸೆಲ್ಫ್ ಹೊಡೆಯೋದು. ನನ್ನ ಕಡೆ ನೋಡಲ್ಲ, ಏನೂ ಹೇಳಲ್ಲ. ನನಗೆ ಅರ್ಥ ಆಗುತ್ತೆ.

ನಾಳೆ ಬೆಳಿಗ್ಗೆ ನಿಮ್ಮ ಮನೆ ಕಾರಿನಲ್ಲೂ ಹಾಗೇ ಮಾಡಿ. ಕೀ ಆನ್ ಮಾಡಿ, ಹತ್ತು ಎಣಿಸಿ, ಯಾವುದು ಆರಲಿಲ್ಲ, ಯಾವುದು ಹತ್ತಲೇ ಇಲ್ಲ ನೋಡಿ. ಕಾಮೆಂಟ್‌ನಲ್ಲಿ ಬರೀರಿ, ನನಗೆ ಗೊತ್ತಿದ್ದರೆ ಹೇಳ್ತೀನಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತೀನಿ. ಮತ್ತೆ ಟೇಪ್ ಯಾರಾದರೂ ಅಂಟಿಸಿದ್ದರೆ ಬೈಯಲ್ಲ. ಇವತ್ತೇ ಕಿತ್ತುಹಾಕಿ, ಮನೆಯವರಿಗೆ ಹೇಳಿ. ಅವರು ಮುಂದಿನ ಸೀಟಲ್ಲಿ ಕೂರೋ ಮುಂಚೆ.

#ಕೊಡಗು #ಮಡಿಕೇರಿ #ಶೆಡ್ಡಿನಪಾಠ #ಏರ್‌ಬ್ಯಾಗ್‌ಲೈಟ್ #ಟೇಪ್‌ಕೀಳಿ #ರಿಪೇರಿಹಕ್ಕು